ತೋಡಿನ ನೀರು ಕೆಟ್ಟರೆ ನಷ್ಟ ಯಾರ ಲೆಕ್ಕಕ್ಕೆ?

ಕೊಡಗಿನಲ್ಲಿ ದೊಡ್ಡ ಕೆಮಿಕಲ್ ಫ್ಯಾಕ್ಟರಿಗಳಿಲ್ಲ. ಹೊಗೆ ಉಗುಳುವ ಚಿಮಣಿಗಳ ಸಾಲೂ ಇಲ್ಲ. ಹಾಗಾಗಿ ಎಲ್ಲೋ ಕಾರ್ಖಾನೆಯಿಂದ ವಿಷ ಸೋರಿ ನದಿ ಕೆಟ್ಟಿತು ಅಂತ ಸುದ್ದಿ ಬಂದರೆ, ಅದು ಬೇರೆ ಊರಿನವರ ಕಷ್ಟ ಅಂತ ನಾವು ಸುಮ್ನೆ ಪುಟ ತಿರುಗಿಸುತ್ತೇವೆ. ಆದರೆ ಜಗತ್ತಿನ ಹೆಸರಾದ ಕೆಲವು ನೀರಿನ ದುರಂತಗಳಲ್ಲಿ ಕಾರ್ಖಾನೆಯ ಯಂತ್ರದ ಪಾತ್ರವೇ ಇರಲಿಲ್ಲ. ಒಂದು ಗೋಡೌನ್ ಸಾಕಾಯಿತು. ಒಂದು ಹಳೆಯ ಟ್ಯಾಂಕ್ ಸಾಕಾಯಿತು.

1986ರ ನವೆಂಬರ್ 1ರಂದು ಸ್ವಿಟ್ಜರ್‌ಲೆಂಡಿನ ಬಾಸೆಲ್ ಹತ್ತಿರ ಸ್ಯಾಂಡೋಸ್ ಕಂಪನಿಯ ಒಂದು ಗೋಡೌನಿಗೆ ಬೆಂಕಿ ಬಿತ್ತು. ಒಳಗಿದ್ದದ್ದು ಕೀಟನಾಶಕ. ಅಗ್ನಿಶಾಮಕ ದಳದವರು ತಮ್ಮ ಕೆಲಸ ಸರಿಯಾಗಿಯೇ ಮಾಡಿದರು, ನೀರು ಹೊಡೆದು ಬೆಂಕಿ ಆರಿಸಿದರು. ಆ ನೀರೇ ವಿಷ ಹೊತ್ತುಕೊಂಡು ರೈನ್ ನದಿಗೆ ಇಳಿಯಿತು. ನೂರಾರು ಕಿಲೋಮೀಟರ್ ಉದ್ದಕ್ಕೆ ಹಾವುಮೀನುಗಳು ಸತ್ತು ತೇಲಿದವು. ಕೆಳಗಿನ ಊರುಗಳು ನದಿಯಿಂದ ಕುಡಿಯುವ ನೀರು ಎತ್ತುವುದನ್ನೇ ನಿಲ್ಲಿಸಬೇಕಾಯಿತು.

ಈಗ ನಮ್ಮ ಊರುಗಳನ್ನು ಒಮ್ಮೆ ನೋಡಿ. ಹೊಳೆಯಿಂದ ಕೂಗಳತೆಯಲ್ಲಿ ಗೊಬ್ಬರ ಮತ್ತು ಔಷಧಿ ಅಂಗಡಿಗಳಿವೆ. ತೋಟದ ಸ್ಟೋರ್‌ಗಳಲ್ಲಿ ಸ್ಪ್ರೇಗೆ ಬೇಕಾದ್ದೆಲ್ಲ ಇದೆ. ಸಂಪಾಜೆ ಘಾಟಿಯಲ್ಲಿ ಹಗಲು ರಾತ್ರಿ ಟ್ಯಾಂಕರ್‌ಗಳು ಹತ್ತಿ ಇಳಿಯುತ್ತವೆ. ರಸ್ತೆ ಪಕ್ಕದಲ್ಲೇ ಪಯಸ್ವಿನಿ. ಇದರ ಜೊತೆಗೆ ವರ್ಷಕ್ಕೊಮ್ಮೆ ತಪ್ಪದೆ ಬರುವ, ಕಾಫಿ ಹಣ್ಣು ಸುಲಿದು ತೊಳೆಯುವ ಪಲ್ಪಿಂಗ್ ಸೀಸನ್. ಅಂದರೆ ನೀರು ಕೆಡುವ ದಾರಿಗಳು ನಮ್ಮಲ್ಲೂ ಇವೆ.

ನೀರು ಕೆಟ್ಟಾಗ ಆರೋಗ್ಯಕ್ಕೆ ಏನಾಗುತ್ತದೆ ಅನ್ನುವುದು ಎಲ್ಲರಿಗೂ ಅಂದಾಜಿದೆ. ದುಡ್ಡಿಗೆ ಏನಾಗುತ್ತದೆ, ಯಾರ ಜೇಬಿನಿಂದ ಹೋಗುತ್ತದೆ, ಅದು ವಾಪಸ್ ಬರುತ್ತದಾ ಅನ್ನುವುದರ ಬಗ್ಗೆ ಮಾತು ಕಡಿಮೆ. ಈ ಲೇಖನ ಅದರ ಬಗ್ಗೆ.

ಎರಡು ಟ್ಯಾಂಕರ್‌ನಷ್ಟು ದ್ರವ

2014ರ ಜನವರಿ 9. ಅಮೆರಿಕದ ವೆಸ್ಟ್ ವರ್ಜೀನಿಯಾ ರಾಜ್ಯದ ಚಾರ್ಲ್ಸ್‌ಟನ್ ನಗರ. ಬೆಳಿಗ್ಗೆ ಜನರಿಗೆ ಗಾಳಿಯಲ್ಲಿ ಅತಿಮಧುರದ ಬೇರಿನಂಥ ಸಿಹಿ ವಾಸನೆ ಬರತೊಡಗಿತು. ಎಲ್ಕ್ ನದಿಯ ದಂಡೆಯಲ್ಲಿ ಫ್ರೀಡಂ ಇಂಡಸ್ಟ್ರೀಸ್ ಅನ್ನುವ ಕಂಪನಿಯ ಒಂದು ಟ್ಯಾಂಕ್ ಸೋರುತ್ತಿತ್ತು. ಅದರಲ್ಲಿದ್ದದ್ದು ಕಲ್ಲಿದ್ದಲು ತೊಳೆಯಲು ಬಳಸುವ ರಾಸಾಯನಿಕ. ಸೋರಿದ್ದು ಸುಮಾರು 38,000 ಲೀಟರ್. ನಮ್ಮ ಹೆದ್ದಾರಿಯಲ್ಲಿ ಓಡಾಡುವ ದೊಡ್ಡ ಟ್ಯಾಂಕರ್‌ಗಳಲ್ಲಿ ಎರಡು ತುಂಬುವಷ್ಟು, ಅಷ್ಟೇ. ಆದರೆ ಊರಿಗೆ ನೀರು ಎತ್ತುವ ಜಾಗ ಅಲ್ಲಿಂದ ಸ್ವಲ್ಪವೇ ಕೆಳಗಿತ್ತು.

ಸಂಜೆ ಹೊತ್ತಿಗೆ ಆದೇಶ ಬಂತು. ನಲ್ಲಿ ನೀರು ಕುಡಿಯಬೇಡಿ, ಅಡುಗೆಗೆ ಬೇಡ, ಸ್ನಾನಕ್ಕೂ ಬೇಡ, ಪಾತ್ರೆ ಬಟ್ಟೆಗೂ ಬೇಡ. ಸುಮಾರು 3 ಲಕ್ಷ ಜನರಿಗೆ ಈ ಆದೇಶ ಅನ್ವಯವಾಯಿತು. ಹೋಟೆಲ್‌ಗಳು ಮುಚ್ಚಿದವು. ಸೆಲೂನ್, ಲಾಂಡ್ರಿ, ಶಾಲೆಗಳ ಬಾಗಿಲು ಹಾಕಿದವು. ಯಾರ ಕಟ್ಟಡವೂ ಬಿದ್ದಿರಲಿಲ್ಲ, ಯಾರ ಯಂತ್ರವೂ ಸುಟ್ಟಿರಲಿಲ್ಲ. ನೀರಿಲ್ಲ ಅನ್ನುವ ಒಂದೇ ಕಾರಣಕ್ಕೆ ವ್ಯಾಪಾರ ನಿಂತಿತು. ಅಲ್ಲಿನ ಮಾರ್ಷಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಕೇಂದ್ರ ಮೊದಲ ತಿಂಗಳ ನಷ್ಟವನ್ನು 6.1 ಕೋಟಿ ಡಾಲರ್ ಅಂತ ಅಂದಾಜು ಮಾಡಿತು.

ಈ ನಷ್ಟದ ಸ್ವಭಾವವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಹೋಟೆಲ್ ಮಾಲೀಕನಿಗೆ ವ್ಯಾಪಾರ ಹೋಯಿತು, ಆದರೆ ಅವನ ಹತ್ತಿರ ಬಿಲ್ ಪುಸ್ತಕ ಇದೆ. ಹೋದ ವರ್ಷ ಜನವರಿಯಲ್ಲಿ ಎಷ್ಟು ದುಡಿದಿದ್ದೆ, ಈ ವರ್ಷ ಎಷ್ಟು ಅಂತ ತೋರಿಸಬಹುದು. ಅಲ್ಲಿ ಗಂಟೆ ಲೆಕ್ಕದಲ್ಲಿ ಪಾತ್ರೆ ತೊಳೆಯುತ್ತಿದ್ದವನಿಗೆ ಆ ದಿನಗಳ ಕೂಲಿ ಹೋಯಿತು. ಮುಂದಿನ ವಾರ ಹೋಟೆಲ್ ತೆರೆದರೂ ಹೋದ ಗಂಟೆಗಳು ವಾಪಸ್ ಬರುವುದಿಲ್ಲ. ಜೊತೆಗೆ ಮನೆಗೆ ಬಾಟಲಿ ನೀರಿನ ಖರ್ಚು ಬೇರೆ. ಒಂದು ಕಡೆ ಆದಾಯ ನಿಂತಿದೆ, ಇನ್ನೊಂದು ಕಡೆ ಖರ್ಚು ಹುಟ್ಟಿದೆ. ಎರಡೂ ಒಂದೇ ವಾರದಲ್ಲಿ.

ಕುಶಾಲನಗರ ಕಾವೇರಿ ನೀರು ಕುಡಿಯುವ ಊರು. ಮೇಲ್ಗಡೆ ಎಲ್ಲೋ ಇಂಥದ್ದು ಆದರೆ ಅಲ್ಲಿನ ಹೋಟೆಲ್, ಲಾಡ್ಜ್, ಕ್ಯಾಂಟೀನ್‌ಗಳ ಗತಿ ಇದಕ್ಕಿಂತ ಬೇರೆಯಾಗಿರುವುದಿಲ್ಲ. ಡಿಸೆಂಬರ್ ರಜೆಯಲ್ಲಿ ಆದರಂತೂ ಕೇಳುವುದೇ ಬೇಡ.

ಪಲ್ಪರ್ ನೀರು: ನಮ್ಮದೇ ಪಾಠ

ದೂರದ ಉದಾಹರಣೆ ಸಾಕು. ನಮ್ಮ ಕಣ್ಣೆದುರಿಗೇ ಇರುವುದನ್ನು ನೋಡೋಣ. ಕಾಫಿ ಹಣ್ಣಿನ ಸಿಪ್ಪೆ ತೆಗೆದು, ಬೀಜಕ್ಕೆ ಅಂಟಿರುವ ಲೋಳೆ ತೊಳೆದು ಪಾರ್ಚ್‌ಮೆಂಟ್ ಮಾಡುವುದು ಪಲ್ಪಿಂಗ್. ಅರೇಬಿಕಾ ಹೆಚ್ಚಾಗಿ ಹೀಗೇ ಆಗುತ್ತದೆ. ರೋಬಸ್ಟಾವನ್ನು ಬಹುಪಾಲು ಚೆರ್ರಿಯಾಗಿಯೇ ಕಣದಲ್ಲಿ ಒಣಗಿಸುತ್ತಾರೆ, ಆದರೆ ಒಳ್ಳೆಯ ರೇಟ್ ಸಿಗುತ್ತದೆ ಅಂತ ರೋಬಸ್ಟಾ ಪಲ್ಪ್ ಮಾಡುವವರೂ ಇದ್ದಾರೆ.

ತೊಳೆದ ನೀರಿನಲ್ಲಿ ವಿಷ ಏನೂ ಬೆರೆಸಿರುವುದಿಲ್ಲ. ಅದರಲ್ಲಿರುವುದು ಹಣ್ಣಿನ ಸಕ್ಕರೆ, ಲೋಳೆ, ಸಿಪ್ಪೆಯ ಚೂರು. ಹಾಗಾದರೆ ತೊಂದರೆ ಏನು? ಆ ಸಕ್ಕರೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳು ಮುತ್ತಿಕೊಳ್ಳುತ್ತವೆ. ತಿನ್ನುತ್ತಾ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನಿಗೆ, ಏಡಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಒಂದು ಲೀಟರ್ ನೀರು ಶುದ್ಧವಾಗಲು ಎಷ್ಟು ಆಮ್ಲಜನಕ ಬೇಕು ಅನ್ನುವ ಅಳತೆಗೆ ಬಿಓಡಿ ಅನ್ನುತ್ತಾರೆ. ಪಟ್ಟಣದ ಚರಂಡಿ ನೀರಿನಲ್ಲಿ ಅದು ಕೆಲವು ನೂರು ಮಿಲಿಗ್ರಾಂ ಇರುತ್ತದೆ. ಸಂಸ್ಕರಿಸದ ಪಲ್ಪರ್ ನೀರಿನಲ್ಲಿ ಕೆಲವು ಸಾವಿರ. ಜೊತೆಗೆ ಅದು ಹುಳಿ. ತೋಡಿಗೆ, ಅಂದರೆ ಸಣ್ಣ ಹಳ್ಳಕ್ಕೆ, ಬಿದ್ದರೆ ನೀರು ಕಂದಾಗಿ, ಆಮೇಲೆ ಕಪ್ಪಾಗಿ, ಕಲ್ಲಿನ ಸಂದಿಯಲ್ಲಿ ನೊರೆ ಕಟ್ಟಿಕೊಂಡು, ಹಳಸಿದ ಗಂಜಿಯ ವಾಸನೆ ಬರುತ್ತದೆ. ದನ ಮೂತಿ ಹತ್ತಿರ ತಂದು ವಾಪಸ್ ತಿರುಗಿಬಿಡುತ್ತದೆ.

ಇದಕ್ಕೆ ಪರಿಹಾರ ಗೊತ್ತಿಲ್ಲದ್ದೇನೂ ಅಲ್ಲ. ಸುಣ್ಣ ಹಾಕಿ ಹುಳಿ ಇಳಿಸಿ, ಹೊಂಡಗಳಲ್ಲಿ ಹಂತ ಹಂತವಾಗಿ ಕೊಳೆಸಿ, ಗಾಳಿ ಆಡಿಸಿ, ಆಮೇಲೆ ತೋಟಕ್ಕೆ ಬಿಡಬಹುದು. ಕಡಿಮೆ ನೀರು ಬಳಸುವ ಪಲ್ಪರ್‌ಗಳು ಬಂದಿವೆ. ಇದನ್ನೆಲ್ಲ ಶಿಸ್ತಾಗಿ ಮಾಡುವ ಬೆಳೆಗಾರರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ನನ್ನ ಮಾತು ಅವರ ಮೇಲಿನ ದೂರಲ್ಲ. ಹೊಂಡದ ದಂಡೆ ಒಡೆದ ದಿನ ಏನಾಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಲೆಕ್ಕ ಸುಲಭವಾಗಲಿ ಅಂತ ಒಂದು ಕಾಲ್ಪನಿಕ ತೋಡು ಇಟ್ಟುಕೊಳ್ಳೋಣ. ಮೇಲೆ ಒಂದು ತೋಟ, ಅಲ್ಲಿ ಪಲ್ಪರ್. ಅದರ ಕೆಳಗೆ ತೋಟದ ಕೂಲಿಯವರು ಇರುವ ಲೈನ್‌ಮನೆ. ಇನ್ನೂ ಕೆಳಗೆ ಎರಡು ಹಸು ಸಾಕಿಕೊಂಡಿರುವ ಸಣ್ಣ ಬೆಳೆಗಾರನ ಮನೆ. ತೋಡು ಹೊಳೆ ಸೇರುವ ಜಾಗದಲ್ಲಿ ನಾಲ್ಕು ರೂಮಿನ ಹೋಂಸ್ಟೇ. ಜನವರಿಯ ಒಂದು ರಾತ್ರಿ ಹೊಂಡ ಒಡೆಯಿತು ಅಂತ ಇಟ್ಟುಕೊಳ್ಳಿ.

ಬೆಳಿಗ್ಗೆ ಲೈನ್‌ಮನೆಯ ಹೆಂಗಸು ಕೊಡ ಹಿಡಿದುಕೊಂಡು ವಾಪಸ್ ಬರುತ್ತಾಳೆ. "ರೈಟರೇ, ತೋಡಲ್ಲಿ ಬಟ್ಟೆ ಅದ್ದೋಕೂ ಆಗಲ್ಲ, ಹುಳಿ ವಾಸನೆ ಹೊಡೀತಿದೆ." ತೋಟದ ಲೆಕ್ಕ ಬರೆಯುವ ರೈಟರು "ರೋಡ್ ಹತ್ರದ ಬೋರಿಗೆ ಹೋಗಮ್ಮ" ಅನ್ನುತ್ತಾರೆ. ಹೋಗಿ ಬರಲು, ಸಾಲಲ್ಲಿ ನಿಲ್ಲಲು ಒಂದು ಗಂಟೆ. ಕೆಲಸಕ್ಕೆ ತಡವಾದರೆ ಅರ್ಧ ದಿನದ ಕೂಲಿ. ದಿನಕ್ಕೆ 450 ರೂಪಾಯಿ ಅಂದುಕೊಂಡು ಎಂಟು ಅರ್ಧ ದಿನ ಹೋದರೆ 1,800 ರೂಪಾಯಿ. ಭಾನುವಾರ ತೋಡಿನಲ್ಲಿ ಹಿಡಿಯುತ್ತಿದ್ದ ಮೀನು, ಏಡಿ ಇಲ್ಲ. ಅದರ ಬದಲು ಸಂತೆಯಲ್ಲಿ ಕೊಳ್ಳಬೇಕು. ಎರವರು, ಜೇನುಕುರುಬರಂಥ ಆದಿವಾಸಿಗಳ ಎಷ್ಟೋ ಮನೆಗಳಲ್ಲಿ ಇದು ಬರೀ ರುಚಿಗೆ ಹಿಡಿಯುವ ಮೀನಲ್ಲ, ಊಟದ ಒಂದು ಭಾಗ. ದುಡ್ಡು ಕೊಡದೆ ಸಿಗುತ್ತಿದ್ದ ಊಟ ನಿಂತರೆ ಅದನ್ನು ನಷ್ಟ ಅಂತ ಯಾವ ಪುಸ್ತಕದಲ್ಲೂ ಬರೆಯುವುದಿಲ್ಲ.

ಸಣ್ಣ ಬೆಳೆಗಾರನ ಹಸು ನೀರು ಕಡಿಮೆ ಕುಡಿಯಿತು. ಹಾಲಿನ ಬಹುಭಾಗ ನೀರೇ ಅಲ್ವಾ, ಕರಾವಿನಲ್ಲಿ ತಕ್ಷಣ ಗೊತ್ತಾಗುತ್ತದೆ. ದಿನಕ್ಕೆ ಮೂರು ಲೀಟರ್ ಕಡಿಮೆ, ಲೀಟರಿಗೆ 35 ರೂಪಾಯಿ ಅಂದರೆ ಇಪ್ಪತ್ತು ದಿನಕ್ಕೆ 2,100 ರೂಪಾಯಿ. ಹೋಂಸ್ಟೇಯಲ್ಲಿ ಎರಡು ವಾರಾಂತ್ಯದ ಬುಕಿಂಗ್ ರದ್ದಾಯಿತು. ರೂಮಿಗೆ 2,500ರಂತೆ ನಾಲ್ಕು ರೂಮು, ನಾಲ್ಕು ರಾತ್ರಿ, ಒಟ್ಟು 40,000 ರೂಪಾಯಿ.

ಮೊತ್ತ ನೋಡಿದರೆ ಹೋಂಸ್ಟೇಯದ್ದೇ ದೊಡ್ಡ ನಷ್ಟ. ಅದು ನಿಜವಾದ ನಷ್ಟವೇ, ಅದನ್ನು ಸಣ್ಣದು ಮಾಡುವುದು ಬೇಡ. ಆದರೆ ಆ ಮನೆಯವರ ಹತ್ತಿರ ಬುಕಿಂಗ್ ಮೆಸೇಜ್ ಇದೆ, ಬ್ಯಾಂಕ್ ಖಾತೆಯಲ್ಲಿ ದಾಖಲೆ ಇದೆ. ಹಸು ಇರುವವರ ಹತ್ತಿರ ಡೇರಿ ಕಾರ್ಡ್ ಇದೆ. ಲೈನ್‌ಮನೆಯ ಹೆಂಗಸಿನ 1,800 ರೂಪಾಯಿಗೆ ತೋಟದ ಹಾಜರಿ ಪುಸ್ತಕವಾದ ಚೆಕ್‌ರೋಲಿನಲ್ಲಿ ಉಳಿದಿರುವುದು "ತಡವಾಗಿ ಬಂದಳು" ಅನ್ನುವ ಗುರುತು ಮಾತ್ರ. ಆ ತಿಂಗಳು ಅವಳು ಸ್ವಸಹಾಯ ಸಂಘದಲ್ಲಿ ಸಾಲ ತೆಗೆಯುತ್ತಾಳೆ. ತೋಡು ತಿಳಿಯಾದ ಮೇಲೂ ಬಡ್ಡಿ ನಡೆಯುತ್ತಿರುತ್ತದೆ.

ಇಲ್ಲಿ ನಡೆದದ್ದನ್ನು ಅರ್ಥಶಾಸ್ತ್ರದವರು ಹೊರಗೆ ಬಿದ್ದ ಖರ್ಚು ಅನ್ನುತ್ತಾರೆ. ಹೊಂಡದ ದಂಡೆ ಗಟ್ಟಿ ಮಾಡಲು ತಗಲುವ ದುಡ್ಡು ತೋಟದ ಪುಸ್ತಕದಲ್ಲಿ ಬರುತ್ತದೆ. ಗಟ್ಟಿ ಮಾಡದಿದ್ದರೆ ಆಗುವ ದುಡ್ಡು ಬೇರೆ ಹತ್ತು ಮನೆಗಳ ಜೇಬಿನಲ್ಲಿ ಕಾಣೆಯಾಗುತ್ತದೆ. ಎರಡೂ ಒಂದೇ ಪುಸ್ತಕದಲ್ಲಿ ಬರುತ್ತಿದ್ದರೆ ಯಾವ ಮಾಲೀಕನೂ ಹೊಂಡವನ್ನು ಹಾಗೇ ಬಿಡುತ್ತಿರಲಿಲ್ಲ.

ಯಾವ ತಿಂಗಳಲ್ಲಿ ಕೆಟ್ಟಿತು ಅನ್ನುವುದು

ಆಗಸ್ಟಿನಲ್ಲಿ ಕಾವೇರಿ ತುಂಬಿ ಹರಿಯುವಾಗ ಒಂದು ಟ್ಯಾಂಕರ್ ಉರುಳಿದರೂ ಪ್ರವಾಹ ಅದನ್ನು ತೆಳುವಾಗಿಸಿ ಒಯ್ಯುತ್ತದೆ. ಹಾಗಂತ ಅದೇನೂ ಒಳ್ಳೆಯದಲ್ಲ, ಆದರೆ ಪೆಟ್ಟು ಹರಡಿಹೋಗುತ್ತದೆ. ಫೆಬ್ರವರಿಯಲ್ಲಿ ಹಾಗಲ್ಲ. ಹೊಳೆಯಲ್ಲಿ ಕಲ್ಲು ಕಾಣುತ್ತಿರುತ್ತದೆ, ನೀರು ಅಲ್ಲಲ್ಲಿ ನಿಂತಿರುತ್ತದೆ. ಬಿದ್ದದ್ದು ಬಿದ್ದಲ್ಲೇ ಉಳಿಯುತ್ತದೆ.

ನಮ್ಮ ದುರದೃಷ್ಟಕ್ಕೆ ಪಲ್ಪಿಂಗ್ ಸೀಸನ್ ನಡೆಯುವುದೂ ನೀರು ಇಳಿಯುವ ಕಾಲದಲ್ಲೇ. ಅದು ಮುಗಿಯುತ್ತಿದ್ದಂತೆ ಬ್ಲಾಸಮ್, ಅಂದರೆ ಕಾಫಿ ಹೂ ಬಿಡುವ ಸಮಯ. ರೋಬಸ್ಟಾಗೆ ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಬೇಕು. ಮಳೆ ಬರದಿದ್ದರೆ ಹೊಳೆ, ಕೆರೆಯಿಂದ ಪಂಪ್ ಹಾಕಿ ಸ್ಪ್ರಿಂಕ್ಲರ್ ಓಡಿಸುತ್ತೇವೆ. ಮೊಗ್ಗು ಕಾಯುವುದು ಕೆಲವೇ ದಿನ. ಆ ದಿನಗಳಲ್ಲಿ ಹೊಳೆಯ ನೀರಿನಲ್ಲಿ ಡೀಸೆಲ್ ಇದೆ, ಕಳೆನಾಶಕ ಇದೆ, ಪಂಪ್ ಮುಟ್ಟಬೇಡಿ ಅಂತ ಆದೇಶ ಬಂತು ಅಂದುಕೊಳ್ಳಿ. ಎರಡು ಮೂರು ವಾರಕ್ಕೆ ನೀರು ಸರಿಯಾಗಬಹುದು. ಪತ್ರಿಕೆಯಲ್ಲಿ "ಪರಿಸ್ಥಿತಿ ಹತೋಟಿಗೆ" ಅಂತ ಬರಬಹುದು. ಆದರೆ ಹೂ ಹೋಯಿತು. ನಷ್ಟ ಕಾಣುವುದು ಮುಂದಿನ ಡಿಸೆಂಬರಿನಲ್ಲಿ, ಕೊಯ್ಲಿಗೆ ಗಿಡದಲ್ಲಿ ಕಾಯಿ ಇಲ್ಲದಾಗ. ಆಗ ಕೊಯ್ಯುವವರಿಗೂ ಕೆಲಸ ಕಡಿಮೆ, ಲಾರಿಯವರಿಗೆ ಬಾಡಿಗೆ ಕಡಿಮೆ, ಗೋಣಿಕೊಪ್ಪ, ಸಿದ್ದಾಪುರದ ಅಂಗಡಿಗಳಲ್ಲಿ ವ್ಯಾಪಾರ ಕಡಿಮೆ. ಹತ್ತು ತಿಂಗಳ ಹಿಂದಿನ ಒಂದು ಟ್ಯಾಂಕರ್ ಅಪಘಾತಕ್ಕೂ ಇದಕ್ಕೂ ಸಂಬಂಧ ಇದೆ ಅಂತ ಯಾರು ಬರೆದಿಡುತ್ತಾರೆ?

ಪರಿಹಾರದ ಸಮೀಕ್ಷೆಗಳು ದುರಂತ ಆದ ತಿಂಗಳಲ್ಲೇ ನಡೆದು ಮುಗಿದರೆ ಇಂಥ ನಷ್ಟ ಅದರಲ್ಲಿ ಸೇರುವುದೇ ಇಲ್ಲ. ತೋಟದ ಬೆಳೆ ಇರುವ ಜಿಲ್ಲೆಗೆ ಇದು ಎಲ್ಲಕ್ಕಿಂತ ದೊಡ್ಡ ಅಪಾಯ ಅಂತ ನನಗನಿಸುತ್ತದೆ.

ಕಾಗದ ಇದ್ದವರ ನಷ್ಟ, ಇಲ್ಲದವರ ನಷ್ಟ

2015ರ ನವೆಂಬರ್ 5ರಂದು ಬ್ರೆಜಿಲ್‌ನ ಮರಿಯಾನಾ ಹತ್ತಿರ ಸಮಾರ್ಕೊ ಕಂಪನಿಯ ಕಬ್ಬಿಣದ ಗಣಿಯ ಕೆಸರು ತುಂಬಿದ ಅಣೆಕಟ್ಟು ಒಡೆಯಿತು. 19 ಜನ ಸತ್ತರು. ಕೆಸರು ರಿಯೊ ಡೋಸೆ ನದಿಗಿಳಿದು 600ಕ್ಕೂ ಹೆಚ್ಚು ಕಿಲೋಮೀಟರ್ ಹರಿದು ಸಮುದ್ರ ಸೇರಿತು. ದಾರಿಯುದ್ದಕ್ಕೂ ಮೀನುಗಾರಿಕೆ ನಿಂತಿತು.

ಪರಿಹಾರ ಕೊಡುವಾಗ ಮೊದಲು ಬಂದ ಪ್ರಶ್ನೆ, ನೀನು ಮೀನುಗಾರ ಅನ್ನುವುದಕ್ಕೆ ಸಾಕ್ಷಿ ಏನು? ಬಲೆ ಬೀಸುವ ಗಂಡಸರಲ್ಲಿ ಕಾರ್ಡ್ ಇದ್ದವರ ಹೆಸರು ಸುಲಭವಾಗಿ ಸೇರಿತು. ಅದೇ ಮೀನನ್ನು ಸ್ವಚ್ಛ ಮಾಡಿ, ಬುಟ್ಟಿಯಲ್ಲಿಟ್ಟು ಮಾರುತ್ತಿದ್ದ ಹೆಂಗಸರಲ್ಲಿ ಅನೇಕರನ್ನು ಗಂಡನ ಮೇಲೆ ಅವಲಂಬಿತರು ಅಂತ ಬರೆದುಕೊಂಡರು. ಅವರದ್ದೂ ಒಂದು ಕಸುಬು ಅನ್ನುವುದನ್ನು ಒಪ್ಪಿಸಲು ವರ್ಷಗಟ್ಟಲೆ ಹೋರಾಡಬೇಕಾಯಿತು.

ನಮ್ಮಲ್ಲಿ ಇದೇ ಪ್ರಶ್ನೆ ಬಂದರೆ ಯಾರ್ಯಾರು ಸಿಕ್ಕಿಹಾಕಿಕೊಳ್ಳುತ್ತಾರೆ ನೋಡಿ. ಬೆಳೆ ನಷ್ಟ ಅಂದರೆ ಕಚೇರಿ ಕೇಳುವುದು ಪಹಣಿ. ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗದ ಪಹಣಿಗಳಲ್ಲಿ ಎಷ್ಟೋ ಕಡೆ ಇನ್ನೂ ತೀರಿಹೋದ ಹಿರಿಯರ ಹೆಸರೇ ಇದೆ. ಉಳುಮೆ ಮಾಡುತ್ತಿರುವವರು ಅವರ ಮೊಮ್ಮಕ್ಕಳು, ಪಾಲು ಬಾಯಿಮಾತಿನಲ್ಲಿ ಆಗಿದೆ. ಗದ್ದೆಯನ್ನು ಗುತ್ತಿಗೆಗೆ ತೆಗೆದುಕೊಂಡು ಶುಂಠಿ ಹಾಕಿದವನ ಹತ್ತಿರ ಒಂದು ಚೀಟಿಯೂ ಇರುವುದಿಲ್ಲ, ಆದರೆ ನೀರು ಕೆಟ್ಟರೆ ಹಾಕಿದ ಬಂಡವಾಳ ಅವನದ್ದು. ಅಸ್ಸಾಂ ಕಡೆಯಿಂದ ಕೊಯ್ಲಿಗೆ ಬಂದ ಕುಟುಂಬದ ವಿಳಾಸವೇ ಇಲ್ಲಿಯದಲ್ಲ. ತಲೆಮಾರಿನಿಂದ ಲೈನ್‌ಮನೆಯಲ್ಲಿರುವವರ ಹೆಸರಿನಲ್ಲಿ ಬಾವಿಯೂ ಇಲ್ಲ, ಭೂಮಿಯೂ ಇಲ್ಲ.

ನೀರನ್ನು ನೇರವಾಗಿ ತೋಡಿನಿಂದ, ಬಾವಿಯಿಂದ ಬಳಸುವವರು ಇವರೇ. ಪೆಟ್ಟು ಮೊದಲು ಬೀಳುವುದು ಇವರಿಗೆ, ದಾಖಲೆ ಕಡಿಮೆ ಇರುವುದೂ ಇವರಿಗೆ. ಇದಕ್ಕೆ ಯಾರೋ ಒಬ್ಬರ ಕೆಟ್ಟ ಮನಸ್ಸು ಕಾರಣವಾಗಬೇಕಿಲ್ಲ. ಕಾಗದ ನೋಡಿ ದುಡ್ಡು ಕೊಡುವ ವ್ಯವಸ್ಥೆಯಲ್ಲಿ ಇದು ತಾನಾಗಿಯೇ ಆಗಿಬಿಡುತ್ತದೆ.

ನೀರು ತಿಳಿಯಾದರೂ ಹೆಸರು ತಿಳಿಯಾಗುವುದಿಲ್ಲ

2000ದ ಜನವರಿ 30ರಂದು ರುಮೇನಿಯಾದ ಬಾಯಾ ಮಾರೆಯಲ್ಲಿ ಚಿನ್ನ ತೆಗೆಯುವ ಘಟಕದ ಕಟ್ಟೆ ಒಡೆದು ಸುಮಾರು 10 ಕೋಟಿ ಲೀಟರ್ ಸಯನೈಡ್ ಬೆರೆತ ನೀರು ಹೊಳೆಗೆ ಹರಿಯಿತು. ಅಲ್ಲಿಂದ ಹಂಗೇರಿಯ ಟಿಸಾ ನದಿಗೆ, ಆಮೇಲೆ ಡ್ಯಾನ್ಯೂಬ್‌ಗೆ. ಹಂಗೇರಿಯೊಂದರಲ್ಲೇ ಸಾವಿರ ಟನ್ನಿಗೂ ಜಾಸ್ತಿ ಮೀನು ಸತ್ತಿತು. ಸಯನೈಡ್ ಭಯಂಕರ ವಿಷ, ಆದರೆ ಹರಿಯುವ ನೀರಿನಲ್ಲಿ ಬೇಗ ಒಡೆದುಹೋಗುತ್ತದೆ. ಗಿರಾಕಿಯ ಮನಸ್ಸಿನಲ್ಲಿ ಅದು ಅಷ್ಟು ಬೇಗ ಹೋಗಲಿಲ್ಲ. ಆ ನದಿಗೆ ಸಂಬಂಧವೇ ಇಲ್ಲದ ಕೊಳಗಳ ಮೀನನ್ನೂ ಜನ ಅನುಮಾನದಿಂದ ನೋಡಿದರು.

ಹೆಸರು ಕೆಡುವುದು ಏನು ಅಂತ ಕೊಡಗಿಗೆ ಹೇಳಿಕೊಡಬೇಕಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದದ್ದು ಜಿಲ್ಲೆಯ ಕೆಲವು ಭಾಗಗಳಲ್ಲಿ. ಟಿವಿಯಲ್ಲಿ ಮಾತ್ರ ಇಡೀ ಕೊಡಗೇ ಮುಳುಗಿತ್ತು. ಜಿಲ್ಲಾಡಳಿತ ಕೆಲವು ದಿನ ಪ್ರವಾಸಿಗರನ್ನು ತಡೆದದ್ದು ಸರಿಯಾಗಿಯೇ ಇತ್ತು. ಆದರೆ ರಸ್ತೆ ತೆರೆದ ಮೇಲೂ ಜನ ಬರಲು ಹಿಂದೇಟು ಹಾಕಿದರು. ಮಣ್ಣು ಜಾರದ ಊರಿನ ಹೋಂಸ್ಟೇಯವರೂ, ಜೀಪಿನವರೂ, ಜೇನು, ಮಸಾಲೆ ಮಾರುವವರೂ ಖಾಲಿ ಕೂತರು. ನೀರಿನ ವಿಷಯದಲ್ಲಿ ಇದು ಇನ್ನೂ ಕಷ್ಟ. ಕುಸಿದ ಗುಡ್ಡ ಕಣ್ಣಿಗೆ ಕಾಣುತ್ತದೆ, ಸರಿಪಡಿಸಿದ್ದೂ ಕಾಣುತ್ತದೆ. ನೀರು ಈಗ ಚೆನ್ನಾಗಿದೆ ಅಂತ ಯಾರಿಗೆ ಹೇಗೆ ತೋರಿಸುವುದು? ಪರೀಕ್ಷೆಯ ವರದಿ ಒಂದೇ ದಾರಿ.

ಕಟ್ಟಿಕೊಡಬೇಕಾದವರು ಎಲ್ಲಿ?

ಮಲಿನ ಮಾಡಿದವರೇ ಹಣ ಕಟ್ಟಬೇಕು ಅನ್ನುವುದು ನಮ್ಮ ದೇಶದ ಕಾನೂನು ಒಪ್ಪಿಕೊಂಡ ತತ್ವ. ಹೇಳುವುದಕ್ಕೆ ಸರಳ. ವಸೂಲಿ ಮಾತ್ರ ಬೇರೆ ಕಥೆ.

ಎಲ್ಕ್ ನದಿಯ ಕಂಪನಿ ಸೋರಿಕೆಯಾದ ಎಂಟೇ ದಿನಕ್ಕೆ ದಿವಾಳಿ ಅರ್ಜಿ ಹಾಕಿತು. ಕೊನೆಗೆ ಜನರಿಗೆ ಪರಿಹಾರದ ದೊಡ್ಡ ಒಪ್ಪಂದ ಆದದ್ದು ನೀರು ಪೂರೈಸುತ್ತಿದ್ದ ಕಂಪನಿ ಮತ್ತು ಆ ರಾಸಾಯನಿಕ ತಯಾರಿಸಿದ ಕಂಪನಿಯ ಜೊತೆ. ಬಾಯಾ ಮಾರೆ ಘಟಕದಲ್ಲಿ ಪಾಲು ಹೊಂದಿದ್ದ ಆಸ್ಟ್ರೇಲಿಯಾದ ಕಂಪನಿಯೂ ಕೆಲವೇ ವಾರಗಳಲ್ಲಿ ಕೈ ಎತ್ತಿತು. ಸಣ್ಣ ಕಂಪನಿ, ದೊಡ್ಡ ಅಪಾಯ. ಇದು ಪದೇ ಪದೇ ಕಾಣುವ ಜೋಡಿ.

ನಮ್ಮ ದೇಶದ ಉದಾಹರಣೆ ರಾಜಸ್ಥಾನದ ಉದಯಪುರ ಜಿಲ್ಲೆಯ ಬಿಚ್ಚಡಿ ಗ್ರಾಮ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣಕ್ಕೆ ಬಳಸುವ ಎಚ್ ಆಸಿಡ್ ತಯಾರಿಸುವ ಘಟಕಗಳು ನಡೆದದ್ದು ಸ್ವಲ್ಪವೇ ಕಾಲ. ಅಷ್ಟರಲ್ಲೇ ಅದರ ಕೆಸರು ನೆಲಕ್ಕೆ ಇಳಿದು ಬಾವಿ ನೀರಿನ ಬಣ್ಣ ಬದಲಾಯಿತು. ಜನ ಕುಡಿಯುವುದಿರಲಿ, ದನಕ್ಕೂ, ಹೊಲಕ್ಕೂ ಆಗದಂತಾಯಿತು. 1989ರಲ್ಲಿ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1996ರಲ್ಲಿ ಕೋರ್ಟ್ ಕಂಪನಿಗಳೇ ಹೊಣೆ ಅಂತ ತೀರ್ಪು ಕೊಟ್ಟಿತು. ಸ್ವಚ್ಛ ಮಾಡುವ ಖರ್ಚು 37 ಕೋಟಿ ರೂಪಾಯಿಗೂ ಹೆಚ್ಚು ಅಂತ ನಿಗದಿಯಾಯಿತು. ಕಂಪನಿ ಒಂದಾದ ಮೇಲೊಂದು ಅರ್ಜಿ ಹಾಕುತ್ತಾ ಹೋಯಿತು. 2011ರಲ್ಲಿ ಕೋರ್ಟ್ ಚಕ್ರಬಡ್ಡಿ ಸೇರಿಸಿ ಕಟ್ಟಿ ಅಂತ ಹೇಳಬೇಕಾಯಿತು. ಪ್ರಕರಣ ಶುರುವಾದಾಗ ಹುಟ್ಟಿದ ಮಗು ಆ ಹೊತ್ತಿಗೆ ದುಡಿಯುವ ವಯಸ್ಸಿಗೆ ಬಂದಿರುತ್ತದೆ. ಅಷ್ಟು ವರ್ಷ ಆ ಮನೆಯ ಬಾವಿ?

ತಡವಾಗಬಾರದು ಅಂತಲೇ 1991ರಲ್ಲಿ ಸಾರ್ವಜನಿಕ ಹೊಣೆಗಾರಿಕೆ ವಿಮಾ ಕಾಯ್ದೆ ಬಂತು. ಅಪಾಯಕಾರಿ ವಸ್ತು ಇಟ್ಟುಕೊಂಡವರು ವಿಮೆ ಮಾಡಿಸಬೇಕು, ತಪ್ಪು ಯಾರದ್ದು ಅನ್ನುವ ವಾದ ಇಲ್ಲದೆ ಜಿಲ್ಲಾಧಿಕಾರಿ ತಕ್ಷಣದ ಪರಿಹಾರ ಕೊಡಿಸಬಹುದು. ಆಲೋಚನೆ ತುಂಬಾ ಒಳ್ಳೆಯದು. ಆದರೆ ಕಾಯ್ದೆ ಬಂದಾಗ ಸಾವಿಗೆ 25,000 ರೂಪಾಯಿ, ಆಸ್ತಿ ನಷ್ಟಕ್ಕೆ ಹೆಚ್ಚೆಂದರೆ 6,000 ರೂಪಾಯಿ ಅಂತ ಬರೆದರು. ದಶಕಗಳ ಕಾಲ ಅದು ಹಾಗೇ ಇತ್ತು. 2024ರಲ್ಲಿ 50 ಕೆಜಿ ರೋಬಸ್ಟಾ ಚೆರ್ರಿ ಮೂಟೆಯ ಬೆಲೆ 10,000 ರೂಪಾಯಿ ದಾಟಿತ್ತು. ಒಂದು ಮೂಟೆಗೂ ಸಾಲದ ಮೊತ್ತದಲ್ಲಿ ಒಂದು ಮನೆಯ ಬಾವಿ, ಹಸು, ಬೆಳೆಯ ನಷ್ಟ ತುಂಬಲು ಹೇಗೆ ಸಾಧ್ಯ? ಆ ಮೊತ್ತ ಬರೀ ತಾತ್ಕಾಲಿಕ ನೆರವು, ಪೂರ್ತಿ ಪರಿಹಾರವನ್ನು ಬೇರೆಯಾಗಿ ಕೇಳಬಹುದು ಅನ್ನುವುದು ನಿಜ. ಕೇಳಲು ಹೋಗುವ ಶಕ್ತಿ ಎಷ್ಟು ಜನರಿಗಿದೆ ಅನ್ನುವುದೂ ಅಷ್ಟೇ ನಿಜವಾದ ಪ್ರಶ್ನೆ.

ಈಗಿರುವ ಮುಖ್ಯ ದಾರಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. 2010ರ ಕಾಯ್ದೆಯ ಪ್ರಕಾರ ಮಾಲಿನ್ಯದಿಂದ ನಷ್ಟವಾದವರು ಪರಿಹಾರಕ್ಕೆ ಐದು ವರ್ಷದೊಳಗೆ ಅಲ್ಲಿಗೆ ಹೋಗಬಹುದು. ನಮ್ಮ ಭಾಗಕ್ಕೆ ದಕ್ಷಿಣ ಪೀಠ, ಅದು ಇರುವುದು ಚೆನ್ನೈಯಲ್ಲಿ.

ಬಾಗಿಲು ಹಾಕಿಸಿದರೆ?

ಹಾಗಾದರೆ ಕೆಡಿಸುವ ಘಟಕಗಳನ್ನೆಲ್ಲ ಮುಚ್ಚಿಸಿದರಾಯಿತು ಅಂತ ಅನಿಸುವುದು ಸಹಜ. ಇದಕ್ಕೆ ಉತ್ತರ ಕಾವೇರಿಯ ಒಂದು ಉಪನದಿಯಲ್ಲಿದೆ. ಕೊಯಮತ್ತೂರಿನ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ತಿರುಪ್ಪೂರಿನ ಮೂಲಕ ಹರಿದು ಕಾವೇರಿ ಸೇರುತ್ತದೆ. ತಿರುಪ್ಪೂರಿನ ಬನಿಯನ್, ಟೀಶರ್ಟ್‌ಗಳಿಗೆ ಬಣ್ಣ ಹಾಕುವ ಘಟಕಗಳ ಉಪ್ಪು ನೀರು ದಶಕಗಳ ಕಾಲ ಆ ನದಿಗೆ ಹರಿಯಿತು. 1992ರಲ್ಲಿ ರೈತರಿಗಾಗಿ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾಯಿತು. ನೀರು ಬಿಡಿ ಅಂತ ಕೇಳಬೇಕಾದ ರೈತರು ದಯವಿಟ್ಟು ಬಿಡಬೇಡಿ ಅನ್ನುವ ಸ್ಥಿತಿ ಬಂತು.

2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ 700ಕ್ಕೂ ಹೆಚ್ಚು ಘಟಕಗಳನ್ನು ಮುಚ್ಚಲು ಆದೇಶ ಮಾಡಿತು. ರೈತರ ಪಾಲಿಗೆ ನ್ಯಾಯ. ಆದರೆ ಅಲ್ಲಿ ದುಡಿಯುತ್ತಿದ್ದ ಕೂಲಿಯವರಿಗೆ ಮರುದಿನ ಕೆಲಸ ಇಲ್ಲ. ಅವರಲ್ಲಿ ಅನೇಕರು ಬರಡಾದ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಬಂದವರೇ. ಮೊದಲೇ ಖರ್ಚು ಮಾಡಿ ನೀರು ಶುದ್ಧ ಮಾಡಿದ್ದರೆ ಎರಡೂ ಕಡೆಯ ನಷ್ಟ ತಪ್ಪುತ್ತಿತ್ತು. ಕಾಫಿಗೂ ಇದೇ ಮಾತು. ಪಲ್ಪಿಂಗ್ ನಿಲ್ಲಿಸಿ ಅಂತ ನಾನು ಹೇಳುವುದಿಲ್ಲ. ಎರಡು ಮೂರು ಎಕರೆಯವರಿಗೆ ಒಬ್ಬೊಬ್ಬರೇ ಹೊಂಡ ಕಟ್ಟುವುದು ಭಾರ. ನಾಲ್ಕಾರು ಜನ ಸೇರಿ ಒಂದು ಕಡೆ ಪಲ್ಪ್ ಮಾಡಿ, ಒಂದೇ ಕಡೆ ನೀರು ಸಂಸ್ಕರಿಸಿದರೆ ಆ ಭಾರ ಹಂಚಿಹೋಗುತ್ತದೆ. ಇದಕ್ಕೆ ನೆರವು ಕೇಳುವುದು ಬೆಳೆಗಾರರ ಸಂಘಗಳ ಮೊದಲ ಬೇಡಿಕೆಗಳಲ್ಲಿ ಒಂದಾಗಬೇಕು.

ಈಗಲೇ ಮಾಡಬಹುದಾದದ್ದು

ಇಂಥ ಪ್ರಕರಣಗಳಲ್ಲಿ ಜನ ಎಡವಬಹುದಾದ ಒಂದು ಜಾಗ ಇದೆ. ನೀರು ಕೆಟ್ಟಿದೆ ಅಂತ ತೋರಿಸುವುದು ಸುಲಭ. ಮೊದಲು ಚೆನ್ನಾಗಿತ್ತು ಅಂತ ತೋರಿಸುವುದು ಕಷ್ಟ. ಎದುರು ಪಕ್ಷದ ವಕೀಲರು ಕೇಳುವ ಮೊದಲ ಪ್ರಶ್ನೆಯೇ, "ನಿಮ್ಮ ಬಾವಿ ಮೊದಲಿಂದಲೂ ಹೀಗೇ ಇತ್ತು ಅಂದರೆ?" ಅದಕ್ಕೆ ಉತ್ತರ ದುರಂತ ಆಗುವ ಮೊದಲೇ ನಮ್ಮ ಕೈಯಲ್ಲಿರಬೇಕು.

ಜಲ ಜೀವನ್ ಮಿಷನ್ ಬಂದ ಮೇಲೆ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಟ್ಟಿದ್ದಾರೆ, ಸರ್ಕಾರಿ ಪ್ರಯೋಗಾಲಯಗಳೂ ಇವೆ. ಪಂಚಾಯಿತಿಯಲ್ಲಿ ಕೇಳಿ ನಿಮ್ಮ ಬಾವಿಯ, ನಿಮ್ಮ ತೋಡಿನ ನೀರನ್ನು ಪರೀಕ್ಷೆ ಮಾಡಿಸಿ, ತಾರೀಖು ಇರುವ ವರದಿ ತೆಗೆದಿಟ್ಟುಕೊಳ್ಳಿ. ಲೈನ್‌ಮನೆಯವರು ಬಳಸುವ ಬಾವಿಯನ್ನು ಬಿಡಬೇಡಿ. ಡೇರಿ ಕಾರ್ಡ್, ಸಂಘದ ಪಾಸ್‌ಬುಕ್, ಚೆಕ್‌ರೋಲಿನ ಪ್ರತಿ, ಶುಂಠಿ ಗದ್ದೆಯ ಗುತ್ತಿಗೆಗೆ ಸಾದಾ ಕಾಗದದ ಮೇಲಾದರೂ ಒಂದು ಬರಹ, ಇವೆಲ್ಲ ಮುಂದೆ ಸಾಕ್ಷಿಯಾಗುತ್ತವೆ.

ಏನಾದರೂ ಆದ ದಿನ ಮೊದಲು ಕೆಳಗಿನ ಮನೆಗಳಿಗೆ ಫೋನ್ ಮಾಡಿ, ಆಮೇಲೆ ಪಂಚಾಯಿತಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ. ಶುದ್ಧ ಬಾಟಲಿಯಲ್ಲಿ ನೀರು ತುಂಬಿ, ಜಾಗ ಮತ್ತು ಹೊತ್ತು ಬರೆದು ತಂಪಾದ ಕಡೆ ಇಡಿ. ಫೋಟೋ, ವಿಡಿಯೋ ತೆಗೆಯಿರಿ. ಆದರೆ 1974ರ ಜಲ ಕಾಯ್ದೆಯ ಪ್ರಕಾರ ಕೋರ್ಟಿನಲ್ಲಿ ಗಟ್ಟಿಯಾಗಿ ನಿಲ್ಲುವುದು ಮಂಡಳಿಯ ಅಧಿಕಾರಿ ಘಟಕದವರಿಗೆ ನೋಟಿಸ್ ಕೊಟ್ಟು, ಎರಡು ಭಾಗ ಮಾಡಿ, ಸೀಲ್ ಹಾಕಿದ ಮಾದರಿ. ಹೊಳೆ ಕಾಯುವುದಿಲ್ಲ, ನಾಳೆಗೆ ಅದೇ ನೀರು ಕೂಡಿಗೆ ಊರನ್ನು ದಾಟಿರುತ್ತದೆ. ಹಾಗಾಗಿ ಅಧಿಕಾರಿಯನ್ನು ಅದೇ ದಿನ ಬರುವಂತೆ ಒತ್ತಾಯಿಸಿ, ಪಂಚಾಯಿತಿಯವರ ಎದುರಿಗೆ ಮಹಜರು ಬರೆಸಿ. ಸತ್ತ ಹಸು ಇದ್ದರೆ ಹೂಳುವ ಮೊದಲು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ.

ಪರೀಕ್ಷೆಗೆ ಒಳ್ಳೆಯ ಸಮಯ ಎರಡು. ಪಲ್ಪರ್ ಓಡಲು ಶುರುವಾಗುವ ಮೊದಲು, ಅಂದರೆ ನವೆಂಬರಿನಲ್ಲಿ ಒಮ್ಮೆ. ನೀರು ತೀರಾ ಇಳಿದು ಬ್ಲಾಸಮ್‌ಗೆ ಪಂಪ್ ಇಳಿಸುವ ಮೊದಲು, ಫೆಬ್ರವರಿಯಲ್ಲಿ ಇನ್ನೊಮ್ಮೆ. ಎರಡೂ ಸಲ ಅದೇ ಬಾವಿ, ತೋಡಿನ ಅದೇ ಜಾಗ.